ಎಳೆ ಸಿಕ್ಕಿತೇನೇ ಅಕ್ಕ

ಚಿಂತಾಮಣಿಯ ಆ ಕಲ್ಯಾಣ ಮಂಟಪದಲ್ಲಿ ಅವತ್ತು ಮದುವೆ ಇರಲಿಲ್ಲ. ಸೀರೆ ಅಂಗಡಿಯೊಂದು ಹತ್ತು ವರ್ಷ ತುಂಬಿಸಿದ ಸಂತೋಷಕ್ಕೆ ಗಿರಾಕಿಗಳನ್ನು ಕರೆದು ಊಟ ಹಾಕಿಸುತ್ತಿತ್ತು. ವೇದಿಕೆಯ ಮೇಲೆ ಕಾಲೇಜು ಹುಡುಗಿಯರು ಒಬ್ಬೊಬ್ಬರಾಗಿ ರೇಷ್ಮೆ ಸೀರೆಯುಟ್ಟು ನಡೆದು ಬಂದು, ಸೆರಗು ಬಿಡಿಸಿ ತೋರಿಸಿ ಹೋಗುತ್ತಿದ್ದರು. ಮೂಲೆಯಲ್ಲಿ ಮೈಕ್ ಸೆಟ್ಟಿನ ಮಿಕ್ಸರಿನ ಮುಂದೆ ಕೂತಿದ್ದ ನಲ್ಲಪ್ಪನಿಗೆ ಇದ್ದ ಕೆಲಸ ಒಂದೇ. ಹುಡುಗಿ ಮೆಟ್ಟಿಲು ಹತ್ತುವಾಗ ಹಾಡನ್ನು ಏರಿಸಬೇಕು, ಇಳಿಯುವಾಗ ಇಳಿಸಬೇಕು.

ಹಾಡು ಅವನಿಗೆ ಗೊತ್ತಿದ್ದದ್ದೇ.

ಎಳೆ ಸಿಕ್ಕಿತೇನೇ ಅಕ್ಕ, ಎಳೆ ಸಿಕ್ಕಿತೇ
ಕುದಿಯೋ ನೀರಾಗೆ ಕೈಯಿಟ್ಟು ಹುಡುಕಿದರೆ
ಎಳೆ ಸಿಕ್ಕಿತೇ

ಮೂವತ್ತು ವರ್ಷಕ್ಕೂ ಹಿಂದಿನ ಹಾಡು. ಎರಡು ವರ್ಷದ ಕೆಳಗೆ ಬೆಂಗಳೂರಿನ ಯಾರೋ ಹುಡುಗರು ಗಿಟಾರ್ ಸೇರಿಸಿ ಮತ್ತೆ ಹಾಡಿದ ಮೇಲೆ ಅದು ಎಲ್ಲರ ಫೋನಿಗೂ ಬಂದುಬಿಟ್ಟಿತ್ತು. ಈಗ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಟೊಮೆಟೊ ಮಂಡಿಯಲ್ಲಿ ನಿಂತ ಲಾರಿಗಳಲ್ಲಿ ಅದೇ. ರೇಷ್ಮೆ ಗೂಡು ಬೇಯುವ ನೀರಿನ ಹಾಡಿಗೆ ರೇಷ್ಮೆ ಸೀರೆಯ ಹುಡುಗಿಯರು ನಗುತ್ತ ನಡೆಯುವುದನ್ನು ನಲ್ಲಪ್ಪ ನೋಡಿದ. ನೋಡಿ ತಲೆ ತಗ್ಗಿಸಿ ಮಿಕ್ಸರಿನ ಗುಂಡಿಗಳನ್ನು ಸುಮ್ಮನೆ ಒರೆಸಿದ.

ಅಷ್ಟರಲ್ಲಿ ಬಾಗಿಲ ಹತ್ತಿರ ಮಾತು ಜೋರಾಯಿತು. ಮಂಟಪದ ಮಾಲೀಕ ಮುರಳಿಮೋಹನ್ ಒಬ್ಬ ಯುವಕನನ್ನು ತಡೆದು ನಿಲ್ಲಿಸಿಕೊಂಡಿದ್ದ. ಯುವಕನ ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಒಂದಷ್ಟು ಫಾರಂಗಳು.

"ನಾನು ಶ್ರೀಕರ್ ಅಂತ ಸಾರ್. ಹಾಡು ಬರೆಯೋರು, ರಾಗ ಹಾಕೋರು ಸೇರಿ ಮಾಡ್ಕೊಂಡಿರೋ ಸಂಘದಿಂದ ಬಂದಿದ್ದೀನಿ. ಹಾಡು ಹಾಕೋಕೆ ಲೈಸೆನ್ಸ್ ತಗೋಬೇಕು ಅಂತ ಮೂರು ಸಲ ಕಾಗದ ಹಾಕಿದ್ವಿ."

"ಮದುವೆ ಮನೇಲಿ ಹಾಡು ಹಾಕಿದ್ರೂ ದುಡ್ಡು ಕೊಡ್ಬೇಕೇನಪ್ಪ?"

"ಮದುವೆಗೆ ಕೇಳ್ತಿಲ್ಲ ಸಾರ್. ಇದು ಅಂಗಡಿಯವರ ವ್ಯಾಪಾರದ ಪ್ರೋಗ್ರಾಂ. ಕೆಳಗೆ ನಿಮ್ಮ ಹೋಟೆಲಲ್ಲೂ ಬೆಳಗ್ಗೆಯಿಂದ ಹಾಡು ಹಾಕಿರ್ತೀರ."

"ಮೈಕಿಗೆ ಬಾಡಿಗೆ ಕೊಟ್ಟಿದ್ದೀನಿ, ಕರೆಂಟ್ ಬಿಲ್ ಕಟ್ಟಿದ್ದೀನಿ. ಇನ್ನು ಗಾಳೀಲಿ ಹೋಗೋ ಹಾಡಿಗೂ ಬಾಡಿಗೆನಾ? ನಾಳೆ ಸಾಂಬಾರಿನ ವಾಸನೆಗೂ ಬಿಲ್ ತರ್ತೀರ."

ಸುತ್ತ ನಿಂತವರು ನಕ್ಕರು. ಶ್ರೀಕರನೂ ನಕ್ಕ. "ಸಾಂಬಾರ್ ಮಾಡಿದ ಭಟ್ಟರಿಗೆ ಕೂಲಿ ಕೊಟ್ಟಿರ್ತೀರಲ್ಲ ಸಾರ್. ಹಾಡು ಮಾಡಿದೋರಿಗೆ ಯಾರು ಕೊಟ್ರು?"

ಮುರಳಿಮೋಹನ್‌ ಮೂಲೆಯ ಕಡೆ ಕೈ ತೋರಿಸಿದ. "ಹಾಡು ಮಾಡಿದೋರು ಇಲ್ಲೇ ಕೂತಿದ್ದಾರೆ ನೋಡು. ಈಗ ಬರ್ತಿದ್ಯಲ್ಲ ಹಾಡು, ಅದು ನಮ್ಮ ನಲ್ಲಪ್ಪನವರದ್ದು. ಸಾಕ್ಷರತಾ ಆಂದೋಲನದಲ್ಲಿ ಇಡೀ ಕೋಲಾರ ಜಿಲ್ಲೆ ಹಾಡಿದ್ದು. ನಿಮ್ಮ ಸಂಘ ಇವರಿಗೆ ಎಷ್ಟು ಕೊಟ್ಟಿದೆ, ಕೇಳು."

ಶ್ರೀಕರ್ ಮಿಕ್ಸರಿನ ಹತ್ತಿರ ಬಂದು ಕೈ ಮುಗಿದ. ಫೋನಿನಲ್ಲಿ ಏನೋ ಹುಡುಕಿ, ಪರದೆಯನ್ನು ನಲ್ಲಪ್ಪನ ಕಡೆ ತಿರುಗಿಸಿದ. ಹಾಡಿನ ಹೆಸರಿನ ಕೆಳಗೆ ಸಾಹಿತ್ಯ ಅಂತ ಇದ್ದ ಕಡೆ 'ಜಾನಪದ', ರಾಗ ಅಂತ ಇದ್ದ ಕಡೆಯೂ 'ಜಾನಪದ'.

"ಯಾರೂ ದಾಖಲೆ ಮಾಡಿಸಿಲ್ಲ ಸಾರ್. ಹೋಟೆಲು, ರೇಡಿಯೋ, ಫೋನಿನ ಆ್ಯಪು, ಎಲ್ಲೆಲ್ಲಿ ಹಾಡು ಬಳಸ್ತಾರೋ ಅಲ್ಲಿಂದ ಸಂಘ ವಸೂಲಿ ಮಾಡುತ್ತೆ. ಯಾವ ಹಾಡು ಎಷ್ಟು ಸಲ ಬಂತು ಅಂತ ಪಟ್ಟಿ ಬರುತ್ತೆ. ಅದರ ಪ್ರಕಾರ ಸಾಹಿತ್ಯದೋರಿಗೊಂದು ಪಾಲು, ರಾಗ ಹಾಕಿದೋರಿಗೊಂದು ಪಾಲು. ಹೆಸರೇ ಇಲ್ಲದಿದ್ರೆ ಯಾರಿಗೆ ಕೊಡೋದು? ನೀವು ಸದಸ್ಯರಾಗಿಬಿಡಿ."

"ನೋಡಪ್ಪ ಶ್ರೀಕರ್," ಎಂದ ಮುರಳಿಮೋಹನ್, ಎಲ್ಲರಿಗೂ ಕೇಳುವ ಹಾಗೆ. "ಇವರ ಹೆಸರು ಹಾಕ್ಸು. ನಾನು ಲೈಸೆನ್ಸ್ ತಗೋತೀನಿ. ಯಾರೋ ಬಾಂಬೆಯವನಿಗೆ ಕೊಡಲ್ಲ, ನಮ್ಮೂರಿನ ಕವಿಗಾದ್ರೆ ಕೊಡ್ತೀನಿ."

ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದ ಹುಡುಗಿ ತನಗೇ ಅಂದುಕೊಂಡು ನಮಸ್ಕಾರ ಮಾಡಿದಳು. ನಲ್ಲಪ್ಪ ಏನೋ ಹೇಳಲು ಬಾಯಿ ತೆರೆದ. ಆ ಹೊತ್ತಿಗೆ ಹಾಡು ಮುಗಿದಿತ್ತು, ಇನ್ನೊಂದು ಹಾಕಬೇಕಾಗಿತ್ತು. ಅದನ್ನೇ ನೆಪ ಮಾಡಿಕೊಂಡು ತಿರುಗಿ ಕೂತ.

ಹೇಳಬೇಕಾಗಿದ್ದ ಮಾತು ಬಹಳ ಚಿಕ್ಕದು. ಆ ಹಾಡಿನ ಸಾಹಿತ್ಯ ಅವನದಲ್ಲ.

ಆಂದೋಲನದ ಕಾಲಕ್ಕೆ ನಲ್ಲಪ್ಪನಿಗೆ ಇಪ್ಪತ್ತನಾಲ್ಕು ವರ್ಷ. ಶಿಡ್ಲಘಟ್ಟದಲ್ಲಿ ಒಬ್ಬರ ಮೈಕ್ ಸೆಟ್ ಅಂಗಡಿಯಲ್ಲಿ ಕೆಲಸ. ತಾನೂ ಸಂಜೆ ಶಾಲೆಯಲ್ಲೇ ಓದಿ ಎಸ್ಸೆಸ್ಸೆಲ್ಸಿ ಮಾಡಿಕೊಂಡವನು, ಆ ಋಣಕ್ಕೆ ಅಂತ ಆಂದೋಲನಕ್ಕೆ ಸೇರಿ, ಫಿಲೇಚರಿನಲ್ಲಿ, ಅಂದರೆ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ, ನೂಲು ತೆಗೆಯುವ ಹೆಂಗಸರಿಗೆ ಸಂಜೆ ಆರರಿಂದ ಏಳೂವರೆಯ ತನಕ ಅಕ್ಷರ ಕಲಿಸುತ್ತಿದ್ದ. ಒಂದು ಸಂಜೆ ಬೇಗ ಹೋದಾಗ ಕೆಲಸ ಇನ್ನೂ ನಡೆದಿತ್ತು. ಸಾಲಾಗಿ ಬೇಸಿನ್‌ಗಳು, ಪ್ರತಿಯೊಂದರಲ್ಲೂ ಕುದಿಯುವ ನೀರು, ನೀರಿನಲ್ಲಿ ಗೂಡುಗಳು. ಬೆಂದ ಗೂಡಿನ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ ಹಿಡಿದು ರಾಟೆಗೆ ಕೊಡಬೇಕು. ಒಬ್ಬ ಹೆಂಗಸು ಹಾಡಿನಲ್ಲೇ ಕೇಳುತ್ತಿದ್ದಳು, ಎಳೆ ಸಿಕ್ಕಿತೇನೇ ಅಕ್ಕ ಅಂತ. ಎಳೆ ಸಿಕ್ಕವಳು ಮುಂದಿನ ಬೇಸಿನ್ನಿನಿಂದ 'ಹೂಂ' ಅನ್ನುತ್ತಿದ್ದಳು. ಕೇಳುತ್ತಿದ್ದವಳು ಕದಿರಮ್ಮ. ಹಾಡು ಅವಳೇ ಕಟ್ಟಿದ್ದು. ದಿನಕ್ಕೊಂದು ಸಾಲು ಸೇರಿಸುತ್ತಿದ್ದಳು.

ನಲ್ಲಪ್ಪ ಅದನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಂಡ. ಜಾಥಾದಲ್ಲಿ ನಡೆಯುತ್ತ ಹಾಡಲು ಬರುವ ಹಾಗೆ ಬೇರೆ ರಾಗ ಹಾಕಿದ. ರಾಗ ಅವನದೇ, ಅದರಲ್ಲಿ ಸುಳ್ಳಿಲ್ಲ. ಅಭ್ಯಾಸದ ದಿನ ಹಾಡಿ ತೋರಿಸಿದಾಗ ಸಂಘಟಕರು ಬೆನ್ನು ತಟ್ಟಿದರು. ಒಂದು ಚರಣ ಮಾತ್ರ ಅಳು ತರಿಸುತ್ತೆ, ಬದಲಾಯಿಸು ಅಂದರು. ಆ ಜಾಗಕ್ಕೆ ಅಕ್ಷರದ ಮೇಲೆ ತಾನೇ ಒಂದು ಚರಣ ಬರೆದು ಹಾಕಿದ. ಪುಸ್ತಿಕೆ ಅಚ್ಚಾಗಿ ಬಂದಾಗ ಹಾಡಿನ ಕೆಳಗೆ 'ರಚನೆ: ನಲ್ಲಪ್ಪ' ಅಂತ ಇತ್ತು. ಅವನು ಹಾಕಿಸಿದ್ದಲ್ಲ. ತೆಗೆಸಲೂ ಇಲ್ಲ. ನಾಳೆ ಹೇಳೋಣ ಅಂದುಕೊಂಡ.

ಹೇಳದೆ ಇದ್ದದ್ದಕ್ಕೆ ಕಾರಣವಿತ್ತು. ಅಲ್ಲಿಯ ತನಕ ಕೆಲವು ಮನೆಗಳಲ್ಲಿ ಮೈಕ್ ಕಟ್ಟಲು ಹೋದರೆ ಅವನನ್ನು ಹಿತ್ತಲಿನಿಂದ ಬಾ ಅನ್ನುತ್ತಿದ್ದರು. ನೀರು ಕೇಳಿದರೆ ಎತ್ತರದಿಂದ ಬೊಗಸೆಗೆ ಸುರಿಯುತ್ತಿದ್ದರು. ಹಾಡು ಹಬ್ಬಿದ ಮೇಲೆ ಅವೇ ಮನೆಗಳಲ್ಲಿ ಕುರ್ಚಿ ಹಾಕಿದರು. 'ಏಯ್ ಮೈಕು' ಅನ್ನುತ್ತಿದ್ದವರು 'ಬನ್ನಿ ನಲ್ಲಪ್ಪನವರೇ' ಅಂದರು. ಆ ಕುರ್ಚಿಯಲ್ಲಿ ಕೂತು ಮೊದಲ ಸಲ ಲೋಟದಲ್ಲಿ ಕಾಫಿ ಕುಡಿದ. ಎದ್ದು ನಿಂತು ಈ ಕುರ್ಚಿ ನನ್ನದಲ್ಲ ಅನ್ನುವ ಧೈರ್ಯ ಬರಲಿಲ್ಲ. ಹಾಗೇ ವರ್ಷಗಳು ಕಳೆದವು. ಫಿಲೇಚರ್ ಮುಚ್ಚಿತು, ಕದಿರಮ್ಮ ಎಲ್ಲಿ ಹೋದಳೋ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳಲೂ ಅವನು ಹೋಗಲಿಲ್ಲ.

ಸೀರೆ ಅಂಗಡಿಯ ಸಮಾರಂಭದ ಸುದ್ದಿ ನಲ್ಲಪ್ಪ ಮನೆ ಮುಟ್ಟುವ ಮೊದಲೇ ಮನೆ ಮುಟ್ಟಿತ್ತು. ಮಗಳು ಅಮೃತ ಬಾಗಿಲಲ್ಲೇ ನಿಂತಿದ್ದಳು. ಸರ್ಕಾರಿ ಶಾಲೆಯಲ್ಲಿ ಟೀಚರ್ ಅವಳು. ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳ ಕೈಯಲ್ಲಿ ವಾರಕ್ಕೊಂದು ಸಲ ಆ ಹಾಡು ಹಾಡಿಸುತ್ತಿದ್ದಳು. ಇದು ನಮ್ಮಪ್ಪ ಬರೆದಿದ್ದು ಅಂತ ಪ್ರತಿ ವರ್ಷವೂ ಹೊಸ ಮಕ್ಕಳಿಗೆ ಹೇಳುತ್ತಿದ್ದಳು.

"ಶ್ರೀಕರ್ ಅನ್ನೋರು ಫೋನ್ ಮಾಡಿದ್ರಪ್ಪ. ನಂಬರ್ ಮುರಳಿಯಣ್ಣ ಕೊಟ್ಟರಂತೆ. ಫಾರಂ ನಾನೇ ತುಂಬ್ತೀನಿ."

"ಬಿಡಮ್ಮ. ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ."

"ಇಷ್ಟು ವರ್ಷ ಇಲ್ಲದ್ದಕ್ಕೇ ಈಗ. ಜಾನಪದ ಅಂತ ಹಾಕವ್ರಂತೆ. ಬರೆದೋರು ಬದುಕಿರೋವಾಗ ಜಾನಪದ ಹೆಂಗಪ್ಪ ಆಗುತ್ತೆ?"

ಒಳಗಿನಿಂದ ಹೆಂಡತಿ ಆದಿಲಕ್ಷ್ಮಮ್ಮ ಅಂದಳು, "ನಿಮ್ಮಪ್ಪನಿಗೆ ನಾಚ್ಕೆ ಕಣೇ. ಮದುವೇಲಿ ನನ್ನ ಮುಖ ನೋಡಕ್ಕೂ ನಾಚ್ಕೊಂಡಿದ್ರು. ನೀನು ತುಂಬು."

ತಾಯಿ ಮಗಳು ನಕ್ಕರು. ನಲ್ಲಪ್ಪನೂ ನಕ್ಕ. ಆ ನಗು ಮುಗಿಯುವುದರೊಳಗೆ ಹೇಳಿಬಿಡಬೇಕು ಅಂದುಕೊಂಡ. ಮಗಳು ಆಗಲೇ ಫೋನಿನಲ್ಲಿ ಅವನ ಹೆಸರು ಒತ್ತುತ್ತಿದ್ದಳು. ಸಾಹಿತ್ಯದ ಮುಂದೆ ಒಂದು ಸಲ, ರಾಗದ ಮುಂದೆ ಒಂದು ಸಲ.

"ಅದಕ್ಕೆಲ್ಲ ದಾಖಲೆ ಬೇಕಮ್ಮ," ಎಂದ. "ನಮ್ಮ ಹತ್ರ ಏನಿದೆ?"

ನಾಲ್ಕು ದಿನದಲ್ಲಿ ಅವಳು ಪುಸ್ತಿಕೆ ಹುಡುಕಿ ತಂದಳು. ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಸಿಕ್ಕಿತ್ತು. ಹಳದಿಗೆ ತಿರುಗಿದ ಹಾಳೆಯಲ್ಲಿ 'ರಚನೆ: ನಲ್ಲಪ್ಪ' ಮಾತ್ರ ನಿನ್ನೆ ಅಚ್ಚಾದ ಹಾಗೆ ಕಪ್ಪಗಿತ್ತು.

"ಆಮೇಲೆ ಕ್ಯಾಸೆಟ್ ಕಂಪನಿಯವರು ಬರೆಸ್ಕೊಂಡಿದ್ರು. ಹಕ್ಕೆಲ್ಲ ಅವರದ್ದೇ ಆಗಿರುತ್ತೆ," ಎಂದ.

ಅವಳು ಶ್ರೀಕರನನ್ನು ಕೇಳಿದಳು. ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿದೆ, ಅದು ಇದ್ದಿದ್ದರೂ ಹಾಡು ಮಾಡಿದವರ ಪಾಲು ಬೇರೆಯೇ, ನೀವು ಅರ್ಜಿ ಹಾಕಿ ಎಂದ ಶ್ರೀಕರ್. ನಲ್ಲಪ್ಪ ಹಿಂದೆ ಸರಿದಷ್ಟೂ ಮಗಳು ದಾರಿ ತೆರೆದುಕೊಡುತ್ತಿದ್ದಳು. ಹಾಗೆ ತೆರೆದ ಒಂದೊಂದು ದಾರಿಯೂ ಅವನನ್ನು ಇನ್ನೂ ಒಳಕ್ಕೆ ತಂದು ನಿಲ್ಲಿಸುತ್ತಿತ್ತು.

ನಡುವೆ ಮಂಟಪಕ್ಕೆ ಸ್ಪೀಕರ್ ಕಟ್ಟಲು ಹೋದಾಗ ಮುರಳಿಮೋಹನ್ ಕರೆದು ಗೋಡೆ ತೋರಿಸಿದ. ಲೈಸೆನ್ಸನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದ. "ನಿಮ್ಮ ಮುಖ ನೋಡಿ ಕಟ್ಟಿದ್ದೀನಿ ಕವಿಗಳೇ. ಮೊದಲು ನಂಗೂ ಇದೆಲ್ಲ ಮೋಸ ಅನ್ನಿಸಿತ್ತು. ನೀವು ಬೆಳಗ್ಗೆ ಸಾಯಂಕಾಲ ಇಲ್ಲಿ ವೈರ್ ಎಳೀತಿರ್ತೀರ, ನಿಮ್ಮ ಹಾಡಿಂದ ಇನ್ಯಾರೋ ವ್ಯಾಪಾರ ಮಾಡ್ತಾರೆ. ಒಬ್ಬರು ಕಷ್ಟ ಪಟ್ಟಿದ್ದನ್ನ ಇನ್ನೊಬ್ಬರು ತಿನ್ನಬಾರದು, ಏನಂತೀರ?"

ನಲ್ಲಪ್ಪ ಮೇಲಿನ ಸ್ಪೀಕರಿನ ತಿರುಪು ಸಡಿಲವಾಗಿದೆ ಎಂದು ಏಣಿ ಹತ್ತಿದ. ಹತ್ತಿದವನು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದ.

ಮಗಳಿಗೆ ಹೇಳುವುದು ಹೇಗೆ ಅಂತ ಅವನು ಪ್ರತಿ ದಿನ ಮಾತು ಜೋಡಿಸುತ್ತಿದ್ದ. ರಾಗ ನಂದೇ ಅಲ್ವಾ, ರಾಗವಿಲ್ಲದಿದ್ದರೆ ಆ ಹಾಡು ಫಿಲೇಚರ್ ಬಾಗಿಲು ದಾಟುತ್ತಿತ್ತೇ ಅಂತ ಒಂದು ಸಲ ಅನ್ನಿಸುತ್ತಿತ್ತು. ಅಕ್ಷರದ ಚರಣವೂ ನಂದೇ ಅಂತ ಇನ್ನೊಂದು ಸಲ. ಕದಿರಮ್ಮ ಬದುಕಿರಲಾರಳು ಅಂತ ಮತ್ತೊಂದು ಸಲ, ಊಟಕ್ಕೆ ಕೂತಾಗ. ಹಾಗೆ ಅಂದುಕೊಂಡ ಕೂಡಲೇ ಒಬ್ಬ ಹೆಂಗಸು ಸತ್ತಿರಲಿ ಅಂತ ತಾನು ಬಯಸುತ್ತಿದ್ದೇನೆ ಅನ್ನುವುದು ಅರ್ಥವಾಗಿ, ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟ.

ಕೊನೆಗೆ ಸಂಘದಿಂದ ಒಂದು ಪ್ರಶ್ನೆ ಬಂತು. ಹಾಡು ಈಗಾಗಲೇ ಜಾನಪದ ಅಂತ ದಾಖಲಾಗಿರುವುದರಿಂದ, ಅದು ಇವರದೇ ಅಂತ ಒಂದು ಘೋಷಣಾ ಪತ್ರ ಬೇಕು. ಪುಸ್ತಿಕೆ ಅಚ್ಚಾಗುವ ಮೊದಲೇ ಹಾಡನ್ನು ಕೇಳಿದ್ದ ಒಬ್ಬರ ಸಾಕ್ಷಿ ಸಹಿ ಬೇಕು.

ನಲ್ಲಪ್ಪನಿಗೆ ಉಸಿರು ಬಂದಂತಾಯಿತು. "ಆಗಿನೋರು ಯಾರಿದ್ದಾರಮ್ಮ ಈಗ. ಇಲ್ಲಿಗೆ ಬಿಡು."

ಎರಡು ದಿನ ಬಿಟ್ಟು ಅಮೃತ ಶಾಲೆಯಿಂದ ಓಡಿದ ಹಾಗೆ ಬಂದಳು. "ಸಿಕ್ಕಿದ್ರಪ್ಪ. ಪುಸ್ತಿಕೆ ಕೊಟ್ಟ ಮೇಷ್ಟ್ರ ಹತ್ರ ಆಗಿನ ಹಾಜರಿ ಪುಸ್ತಕಾನೂ ಇತ್ತು. ಅದರಲ್ಲಿರೋ ಒಬ್ಬರು ಕೆಂಚಾರ್ಲಹಳ್ಳೀಲಿ ಇದ್ದಾರೆ. ಕದಿರಮ್ಮ ಅಂತ. ನಿನ್ನ ಕ್ಲಾಸಲ್ಲೇ ಓದಿದ್ದಂತೆ. ಫೋನಲ್ಲಿ ಮಾತಾಡಿದೆ. ಹಾಡು ಗೊತ್ತಾ ಅಮ್ಮ ಅಂದೆ. ಗೊತ್ತಿಲ್ದೆ ಏನಮ್ಮ, ನಿಮ್ಮಪ್ಪನ್ನ ಕರ್ಕೊಂಡು ಬಾ, ಸೈನ್ ಹಾಕ್ತೀನಿ ಅಂದ್ರು."

ಭಾನುವಾರ ಮಗಳ ಸ್ಕೂಟರಿನ ಹಿಂದೆ ಕೂತು ನಲ್ಲಪ್ಪ ಕೆಂಚಾರ್ಲಹಳ್ಳಿಗೆ ಹೊರಟ. ಫಾರಂಗಳ ಪ್ಲಾಸ್ಟಿಕ್ ಚೀಲ ತೊಡೆಯ ಮೇಲಿತ್ತು. ಸ್ಕೂಟರು ಒಂದು ಸಲ ಕೆಟ್ಟು ನಿಲ್ಲಲಿ ಅಂತ ದಾರಿಯುದ್ದಕ್ಕೂ ಅಂದುಕೊಂಡ. ಸ್ಕೂಟರು ಹೊಸದು, ನಿಲ್ಲಲಿಲ್ಲ. ಅಮೃತ ಹಾಡು ಗುನುಗುತ್ತ ಓಡಿಸುತ್ತಿದ್ದಳು. ಗಾಳಿಯ ಜೊತೆ ಒಂದೊಂದು ಸಾಲು ಅವನ ಮುಖಕ್ಕೆ ಬಂದು ತಾಗುತ್ತಿತ್ತು.

ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಶೀಟಿನ ಮನೆ. ಪಡಸಾಲೆಯಲ್ಲಿ ಕೂತಿದ್ದ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ದನಿ ಮಾತ್ರ ಬದಲಾಗಿರಲಿಲ್ಲ.

"ರಾಮ್ಮಾ, ಕೂರ್ಚೋಮ್ಮ. ಬಾ, ಕೂತ್ಕೋ. ಫೋನಲ್ಲಿ ಮಾತಾಡಿದ್ದು ನೀನೇನಾ? ಸಾರ್ ಮಗಳು ಅಂದ್ರೆ ನಂಬಬೋದು, ಮೂಗು ಅವರದ್ದೇ." ಆಮೇಲೆ ನಲ್ಲಪ್ಪನ ಕಡೆ ತಿರುಗಿದಳು. "ಏನ್ ಸಾರ್, ದಪ್ಪ ಆಗಿಬಿಟ್ಟಿದ್ದೀರ. ಆಗ ಸ್ಲೇಟಿನ ಬಳಪ ಇದ್ದಂಗಿದ್ರಿ."

"ಚೆನ್ನಾಗಿದ್ದೀಯಾ ಕದಿರಮ್ಮ?"

"ಇದ್ದೀನಿ ಸಾರ್. ತಂಗಿ ಮಗಳ ಮನೆ. ಹುಳ ಸಾಕ್ತಾರೆ, ಸೊಪ್ಪು ಹೆಚ್ಚಿ ಕೊಡ್ತೀನಿ, ಊಟ ಹಾಕ್ತಾರೆ. ಬೇಸಿನ್ ಹತ್ರ ಕೂರಕ್ಕಾಗಲ್ಲ ಈಗ."

ಅಮೃತ ಫಾರಂ ತೆಗೆಯುತ್ತ ವಿಷಯ ಹೇಳಿದಳು. ಅವಳು ಮಕ್ಕಳಿಗೆ ಪಾಠ ಹೇಳುವ ಹಾಗೆಯೇ ಹೇಳಿದಳು. ಹಾಡು ಎಲ್ಲೆಲ್ಲಿ ಬರುತ್ತೆ, ಯಾರು ಹಣ ಕಟ್ಟುತ್ತಾರೆ, ಸಂಘ ಅದನ್ನು ಹೇಗೆ ಹಂಚುತ್ತೆ, ಅಪ್ಪನ ಹೆಸರು ಯಾಕೆ ಬಿಟ್ಟುಹೋಗಿದೆ. ಕದಿರಮ್ಮ ಒಂದು ಮಾತೂ ತಪ್ಪಿಸದೆ ಕೇಳಿದಳು.

"ಬಸ್ಸಲ್ಲಿ ಕೇಳಿದ್ದೆ ಈ ಹಾಡನ್ನ," ಎಂದಳು. "ಚಿಂತಾಮಣಿ ಆಸ್ಪತ್ರೆಗೆ ಹೋಗ್ತಿದ್ದೆ. ಕಂಡಕ್ಟರಿಗೆ ಹೇಳ್ದೆ, ಅಪ್ಪ, ಇದು ನಮ್ಮ ಫಿಲೇಚರಿನ ಹಾಡು ಕಣೋ ಅಂತ. ಆಯ್ತಮ್ಮ, ಆಧಾರ್ ಕಾರ್ಡ್ ತೋರ್ಸು ಅಂದ."

ಅಮೃತ ಜೋರಾಗಿ ನಕ್ಕಳು. ನಲ್ಲಪ್ಪನಿಗೆ ಕೂತ ಚಾಪೆ ಬಿಸಿಯಾದಂತೆ ಅನ್ನಿಸಿತು.

ತಂಗಿಯ ಮಗಳು ಚಿಕ್ಕವೆಂಕಟಮ್ಮ ಕಾಫಿ ತಂದಳು. ಹುಳ ಹಣ್ಣಾಗಿವೆ, ಗೂಡು ಕಟ್ಟಲು ಇವತ್ತು ಚಂದ್ರಿಕೆಯ ತಟ್ಟೆಗೆ ಬಿಡುತ್ತಿದ್ದೇವೆ, ಮೇಡಂ ನೋಡ್ತೀರಾ ಅಂದಳು. ಶಾಲೆಯ ಮಕ್ಕಳಿಗೆ ತೋರಿಸಲು ಫೋಟೋ ತೆಗೆದುಕೊಳ್ಳುತ್ತೇನೆ ಎಂದು ಅಮೃತ ಎದ್ದು ಹೋದಳು. ಪಡಸಾಲೆಯಲ್ಲಿ ಇಬ್ಬರೇ ಉಳಿದರು.

ನಲ್ಲಪ್ಪ ಕಾಫಿ ಲೋಟವನ್ನು ಕೆಳಗಿಟ್ಟ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ ಸಾರ್," ಎಂದಳು ಕದಿರಮ್ಮ. "ಹೆಸರಿನ ಮಾತಲ್ಲ. ಆ ಚರಣ ಯಾಕೆ ತೆಗೆದುಬಿಟ್ರಿ?"

"ಯಾವುದು?" ಎಂದ. ಯಾವುದು ಅಂತ ಅವನಿಗೆ ಗೊತ್ತಿತ್ತು.

ಅವಳು ಹಾಡಲಿಲ್ಲ, ಹೇಳಿದಳು. ದನಿ ತಗ್ಗಿಸಿ, ಬೇಸಿನ್ ಪಕ್ಕದವಳಿಗೆ ಹೇಳುವ ಹಾಗೆ.

"ಬೆರಳ ತುದಿ ಬೆಂದು ಗೆರೆಯೆಲ್ಲ ಹೋಯಿತು
ಮಗಳ ಹಣೆ ಮುಟ್ಟಿದರೆ ತಿಳಿಯೋದಿಲ್ಲ
ಬಿಸಿಯೋ ತಣ್ಣಗೋ ತಿಳಿಯೋದಿಲ್ಲ."

ಕೋಳಿಯೊಂದು ಅಂಗಳ ದಾಟಿ ಹೋಯಿತು.

"ನಿಮಗೆ ಗೊತ್ತಿರ್ಲಿಲ್ಲ ಸಾರ್, ನಾನು ಯಾರಿಗೂ ಹೇಳಿರ್ಲಿಲ್ಲ. ಮಗಳಿಗೆ ಜ್ವರ ಬಂದಿತ್ತು. ಕೆಲಸಕ್ಕೆ ಬರೋವಾಗ ಹಣೆ ಮುಟ್ಟಿ ನೋಡ್ದೆ. ಬೆರಳಿಗೆ ಏನೂ ಗೊತ್ತಾಗ್ಲಿಲ್ಲ. ತಣ್ಣಗಿದೆ ಅಂದ್ಕೊಂಡು ಬಂದ್ಬಿಟ್ಟೆ. ಸಾಯಂಕಾಲ ಹೋಗೋ ಹೊತ್ಗೆ ಮಗು ಇರ್ಲಿಲ್ಲ. ಅದಕ್ಕೇ ಕಟ್ಟಿದ್ದು ಹಾಡು. ಮಿಕ್ಕಿದ್ದೆಲ್ಲ ಆಮೇಲೆ ಸೇರಿದ್ದು." ಅವಳು ಕೈ ಚಾಚಿ ತೋರಿಸಿದಳು. ಬೆರಳ ತುದಿಗಳು ನುಣ್ಣಗೆ, ಸವೆದ ಸೋಪಿನ ಹಾಗೆ ಇದ್ದವು. "ರೇಷನ್ ಅಂಗಡಿ ಮಿಷಿನ್ನಿಗೆ ಇವತ್ತಿಗೂ ನನ್ನ ಹೆಬ್ಬೆಟ್ಟು ಸಿಗಲ್ಲ. ನೀವು ಸೈನ್ ಕಲಿಸಿದ್ರಿ ನೋಡಿ, ಬ್ಯಾಂಕಲ್ಲಿ ಅದೇ ನಡೀತಿದೆ. ಆ ಉಪಕಾರ ಮರೆಯಲ್ಲ. ಅದಕ್ಕೇ ನಿಮ್ಮ ಮಗಳು ಕೇಳಿದ ತಕ್ಷಣ ಹಾಕ್ತೀನಿ ಅಂದೆ. ಚರಣದ್ದು ಮಾತ್ರ ಮನಸಲ್ಲಿತ್ತು, ಕೇಳ್ದೆ."

"ಅಳು ತರಿಸುತ್ತೆ ಅಂದ್ರು," ಎಂದ ನಲ್ಲಪ್ಪ. "ಜಾಥಾದಲ್ಲಿ ಜನ ಉತ್ಸಾಹದಲ್ಲಿರ್ಬೇಕು ಅಂದ್ರು. ನಾನು ಬೇಡ ಅನ್ನಲಿಲ್ಲ."

"ಹೂಂ," ಎಂದಳು ಕದಿರಮ್ಮ. ಎಳೆ ಸಿಕ್ಕವರು ಅನ್ನುತ್ತಿದ್ದ ಅದೇ ಹೂಂ. ಅದರಲ್ಲಿ ಕೋಪವಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಅಮೃತ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. "ಎಷ್ಟು ಚೆನ್ನಾಗಿದೆಯಪ್ಪ, ಹುಳ ಹೆಂಗೆ ತಲೆ ಆಡಿಸ್ಕೊಂಡು ಎಳೆ ಬಿಡುತ್ತೆ. ಸರಿ ಕದಿರಮ್ಮ, ಇಲ್ಲೊಂದು ಸೈನ್ ಹಾಕಿಬಿಡಿ. ಸಾಕ್ಷಿ ಅಂತ ಇದೆಯಲ್ಲ, ಅದರ ಮುಂದೆ."

ಕದಿರಮ್ಮ ಕನ್ನಡಕ ಹಾಕಿಕೊಂಡಳು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿಯದೆ, ಮೂರು ಬೆರಳಲ್ಲಿ ಹಿಡಿದಳು, ನಲ್ಲಪ್ಪ ಕಲಿಸಿದ್ದ ಹಾಗೆಯೇ. ತುದಿಗೆ ಸ್ಪರ್ಶವಿಲ್ಲದ ಬೆರಳುಗಳು ಪೆನ್ನನ್ನು ಬೇಕಾದದ್ದಕ್ಕಿಂತ ಬಿಗಿಯಾಗಿ ಒತ್ತಿದ್ದವು. 'ಮೇಲಿನ ಹಾಡು ನಲ್ಲಪ್ಪನವರು ಸ್ವಂತ ರಚಿಸಿದ್ದೆಂದು ನಾನು ಬಲ್ಲೆ' ಎಂಬ ಸಾಲಿನ ಕೆಳಗೆ ಅವಳ ಕೈ ಇಳಿಯುತ್ತಿತ್ತು. ಅವಳು ಆ ಸಾಲನ್ನು ಓದುತ್ತಿರುವುದನ್ನು ನಲ್ಲಪ್ಪ ನೋಡಿದ. ತುಟಿ ಅಲ್ಲಾಡುತ್ತಿತ್ತು. ಓದಲು ಕಲಿಸಿದವನೂ ಅವನೇ.

"ಅಲ್ಲಲ್ಲ," ಎಂದ.

ಪೆನ್ನು ನಿಂತಿತು. ಅವನು ಕಾಗದವನ್ನು ತನ್ನ ಕಡೆ ಎಳೆದುಕೊಂಡ. ಮೊದಲ ಹಾಳೆ ತಿರುಗಿಸಿ, ಸಾಹಿತ್ಯ ಎಂದು ಇದ್ದ ಕಡೆ ಅಚ್ಚಾಗಿದ್ದ ತನ್ನ ಹೆಸರಿನ ಮೇಲೆ ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ಇನ್ನೊಂದು ಸಲ ಎಳೆದ.

"ಅಪ್ಪ, ಏನ್ ಮಾಡ್ತಿದ್ದೀಯ? ಫಾರಂ ಹಾಳಾಯ್ತು."

"ಇನ್ನೊಂದು ಪ್ರಿಂಟ್ ತೆಗಿಯಮ್ಮ ಆಮೇಲೆ. ಈ ಹಾಡು ಇವರದ್ದು. ನಾನು ಬರ್ಕೊಂಡೆ ಅಷ್ಟೆ. ಪುಸ್ತಕದಲ್ಲಿ ನನ್ನ ಹೆಸರು ಬಂತು. ಸುಮ್ನಿದ್ದೆ."

ಅಮೃತ ಅಪ್ಪನ ಮುಖ ನೋಡಿದಳು, ಕದಿರಮ್ಮನ ಮುಖ ನೋಡಿದಳು. ಕದಿರಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತಳು.

"ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳ್ತೀನಪ್ಪ," ಎಂದಳು ಅಮೃತ. ಆಮೇಲೆ ಗೆರೆ ಎಳೆದ ಹಾಳೆಯನ್ನು ನೋಡುತ್ತ ಕೇಳಿದಳು, "ರಾಗನಾದ್ರೂ ನಿಂದೇನಾ?"

ಉತ್ತರ ಕದಿರಮ್ಮ ಕೊಟ್ಟಳು. "ರಾಗ ಅವರದ್ದೇ ತಾಯಿ. ನಾವು ಹಾಡ್ತಿದ್ದುದು ರಾಟೆ ತಿರುಗಿದಂಗೆ ಒಂದೇ ಸಮ. ನಡ್ಕೊಂಡು ಹಾಡೋ ಹಂಗೆ ಮಾಡಿದ್ದು ಸಾರೇ. ಅದಕ್ಕೆ ಬೇಕಾದ್ರೆ ಸಾಕ್ಷಿ ಹಾಕ್ತೀನಿ. ಸುಳ್ಳು ಹೇಳೋ ತಾಪತ್ರಯ ಇಲ್ಲ."

ಅಮೃತ ಬಗ್ಗಿ ಫಾರಂ ಎತ್ತಿಕೊಂಡಳು. ಹಿಂದಿನ ಹಾಳೆಯಲ್ಲಿ ಹಾಡಿನ ಪೂರ್ತಿ ಸಾಹಿತ್ಯವನ್ನು ಅವಳೇ ಟೈಪ್ ಮಾಡಿ ಲಗತ್ತಿಸಿದ್ದಳು. ಕೊನೆಯ ಚರಣದ ಮೇಲೆ ಅವಳ ಕಣ್ಣು ನಿಂತಿತು. ಅಕ್ಷರದ ಎಳೆ ಹಿಡಿದು ಬೆಳಕಿನ ಸೀರೆ ನೇಯುವ ಚರಣ. ಶಾಲೆಯ ಮಕ್ಕಳು ಅದನ್ನು ಕೈ ಎತ್ತಿ ಹಾಡುತ್ತಿದ್ದರು.

"ಇದು?"

"ಅದು ನಂದು. ಇವರ ಚರಣ ಕಿತ್ತು ಆ ಜಾಗದಲ್ಲಿ ಹಾಕಿದ್ದು. ಅದನ್ನ ಹೊಡೆದುಹಾಕು."

ಅವಳು ಹೊಡೆದುಹಾಕಲಿಲ್ಲ. ಕಾಗದವನ್ನು ಮಗುಚಿ, ಖಾಲಿ ಬೆನ್ನನ್ನು ಮೇಲೆ ಮಾಡಿ, ಪೆನ್ನಿನ ಜೊತೆ ಅಪ್ಪನ ಮುಂದೆ ಇಟ್ಟಳು.

ನಲ್ಲಪ್ಪ ಚಕ್ಕಳಮಕ್ಕಳ ಹಾಕಿ ಕೂತ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಬೇಸಿನ್‌ಗಳ ನಡುವೆ ಹಾಗೆಯೇ ಕೂತಿದ್ದ. ಆಗ 'ಹೇಳು ಕದಿರಮ್ಮ' ಅಂದಿದ್ದ.

"ಹೇಳ್ರಮ್ಮ," ಎಂದ ಈಗ.

ಕದಿರಮ್ಮ ಮೊದಲಿನಿಂದ ಹೇಳಿದಳು. ಅವನು ಬರೆದ. ಫಿಲೇಚರಿನ ಹೊಗೆ, ರಾಟೆ, ಪಕ್ಕದವಳ ಕೆಮ್ಮು ಎಲ್ಲ ಒಂದೊಂದಾಗಿ ಕಾಗದಕ್ಕೆ ಬಂದವು. ಅವನು ಎಂದೂ ಕೇಳದಿದ್ದ ಎರಡು ಸಾಲುಗಳೂ ಇದ್ದವು. ಅವನು ಹೋದ ಮೇಲೆ ಸೇರಿಸಿದ್ದವಂತೆ. ಮಗಳ ಹಣೆಯ ಚರಣಕ್ಕೆ ಬಂದಾಗ ಅವಳು ತಡೆದಳು.

"ನಿಧಾನ ಸಾರ್. ಇದನ್ನ ಸರಿಯಾಗಿ ಬರ್ಕೊಳ್ಳಿ."

ಬರೆದಾದ ಮೇಲೆ ಕಾಗದ ಇಸಿದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಅಕ್ಷರ ಅಕ್ಷರ ಕೂಡಿಸಿಕೊಂಡು ತಾನೇ ಓದಿ ನೋಡಿದಳು. 'ತಿಳಿಯೋದಿಲ್ಲ' ಅನ್ನುವ ಕಡೆ ಮುಟ್ಟಿದ ಮೇಲೆ ಕೆಳಗೆ, ಯಾರೂ ಜಾಗ ತೋರಿಸದೆ, ತನ್ನ ಹೆಸರು ಬರೆದಳು. 'ಮ್ಮ'ದ ಒತ್ತು ಕಾಗದದ ಅಂಚಿನಿಂದ ಆಚೆ ಹೋಗಿ ಚಾಪೆಯ ಮೇಲೆ ಒಂದಿಷ್ಟು ಶಾಯಿ ತಾಗಿತು.

"ಈಗ ಸಾಕ್ಷಿ ಯಾರು?" ಎಂದು ಕೇಳಿದಳು.

ನಲ್ಲಪ್ಪ ಕಾಗದ ತೆಗೆದುಕೊಂಡ. ಪುಸ್ತಿಕೆ ಅಚ್ಚಾಗುವ ಮೊದಲೇ ಹಾಡನ್ನು ಕೇಳಿದ್ದವನು, ಯಾರ ಬಾಯಲ್ಲಿ ಕೇಳಿದೆ ಎಂದು ಹೇಳಬಲ್ಲವನು, ಅವನೊಬ್ಬನೇ ಇದ್ದ. ಅವಳ ಹೆಸರಿನ ಕೆಳಗೆ ಸಾಕ್ಷಿ ಎಂದು ಬರೆದು, ಅದರ ಮುಂದೆ ತನ್ನ ಹೆಸರು ಬರೆದ.

ಹೊರಡುವಾಗ ಅಮೃತ ಸ್ಕೂಟರ್ ಚಾಲೂ ಮಾಡಿ, ಅವನು ಕೂರುವ ತನಕ ಮುಂದೆ ನೋಡುತ್ತಲೇ ಇದ್ದಳು. ದಾರಿಯಲ್ಲಿ ಗುನುಗಲಿಲ್ಲ. ಚಿಂತಾಮಣಿ ಹತ್ತಿರ ಬಂದ ಮೇಲೆ, ತಲೆ ತಿರುಗಿಸದೆ ಕೇಳಿದಳು, "ಆ ಚರಣಕ್ಕೆ ನಿನ್ನ ರಾಗ ಕೂರುತ್ತಾ?"

ನಲ್ಲಪ್ಪ ಮನಸ್ಸಿನಲ್ಲೇ ಹಾಡಿ ನೋಡಿದ.

"ಕೂರಲ್ಲಮ್ಮ," ಎಂದ. "ಅವರು ಹಾಡಿದಂಗೇ ಹಾಡ್ಬೇಕು."

"ಸೋಮವಾರ ಮಕ್ಕಳಿಗೆ ಹೇಳ್ಕೊಡ್ಬೇಕು," ಎಂದಳು. "ಒಂದು ಸಲ ಹಾಡು, ಕೇಳಿಸ್ಕೋತೀನಿ."